ಚಿನ್ನ ಮೊದಲು ಕಂಡಿದ್ದು ಯಾರಿಗೆ? ಆರೋಟೌನ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ನ್ಯೂಜಿಲೆಂಡಿನ ಆರೋಟೌನ್ ಅನ್ನೋ ಪುಟ್ಟ ಊರಿನ ಬಗ್ಗೆ ಒಂದೇ ಒಂದು ಪುಟ ಬರೆದಿದ್ದೆ, ಅದಕ್ಕೆ ಬಂದಿರೋ ಪ್ರಶ್ನೆಗಳು ನೋಡಿದ್ರೆ ಈ ಸಲದ ಕಾಲಂ ಪೂರ್ತಿ ಅದಕ್ಕೇ ಬಿಟ್ಟುಕೊಡ್ಬೇಕು ಅನಿಸ್ತು. ಹೋದ ಸಲ ಓದದೇ ಇದ್ದವರಿಗೆ ಚುಟುಕಾಗಿ ಹೇಳ್ತೀನಿ: ದಕ್ಷಿಣ ದ್ವೀಪದ ಒಟಾಗೋ ಪ್ರಾಂತ್ಯದಲ್ಲಿ, ಕ್ವೀನ್ಸ್‌ಟೌನ್‌ನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಆರೋ ನದಿ ದಂಡೆ ಮೇಲೆ ಇರೋ ಊರು ಇದು. ಮೂರು ಸಾವಿರದ ಆಸುಪಾಸು ಜನ. 1862ರಲ್ಲಿ ನದಿ ಮರಳಲ್ಲಿ ಚಿನ್ನ ಸಿಕ್ಕಿದ್ದರಿಂದ ಹುಟ್ಟಿದ ಊರು.

ಪ್ರಶ್ನೆ: ಮೇಡಂ, ನಿಮ್ಮ ಲೇಖನದಲ್ಲಿ ಒಂದು ಕಡೆ ಊರಿಗೆ ಮೊದಲು ವಿಲಿಯಂ ಫಾಕ್ಸ್ ಅನ್ನೋನ ಹೆಸರಿತ್ತು ಅಂತ ಬರೆದಿದ್ದೀರಿ, ಇನ್ನೊಂದು ಕಡೆ ಜಾಕ್ ಟೇವಾ ಅನ್ನೋರಿಗೆ ಚಿನ್ನ ಸಿಕ್ತು ಅಂತ ಬರೆದಿದ್ದೀರಿ. ಕಂಡುಹಿಡಿದವರು ಯಾರು, ಇವರಾ ಅವರಾ? (ಶಿವಮೊಗ್ಗದ ಓದುಗರು)

ಉತ್ತರ: ಸರ್, ಚಿನ್ನ ಕಂಡಿದ್ದು ಜಾಕ್ ಟೇವಾಗೆ. ಊರಿಗೆ ಹೆಸರು ಅಂಟಿಕೊಂಡಿದ್ದು ಫಾಕ್ಸ್‌ದು.

ಸ್ವಲ್ಪ ಹಿಂದಿನಿಂದ ಹೇಳ್ಬೇಕು. ಈಗಿನ ಕ್ವೀನ್ಸ್‌ಟೌನ್ ಇರೋ ಜಾಗದಲ್ಲಿ ಆಗ ವಿಲಿಯಂ ರೀಸ್ ಅನ್ನೋರು ಕುರಿ ಸಾಕ್ತಾ ಇದ್ದರು, ಅವರ ಹತ್ತಿರ ಕುರಿ ಉಣ್ಣೆ ಕತ್ತರಿಸೋ ಕೆಲಸಕ್ಕೆ ಇದ್ದವರು ಈ ಟೇವಾ, ಮಾವೋರಿ ಮನುಷ್ಯ, ಅಂದ್ರೆ ನ್ಯೂಜಿಲೆಂಡಿನ ಮೂಲನಿವಾಸಿ, ಹಾಗಾಗಿ ಎಲ್ಲರೂ ಅವರನ್ನ 'ಮಾವೋರಿ ಜಾಕ್' ಅಂತಲೇ ಕರೀತಿದ್ದರು. 1862ರಲ್ಲಿ ಆರೋ ನದಿಯಲ್ಲಿ ಅವರ ಕಣ್ಣಿಗೆ ಚಿನ್ನ ಬಿತ್ತು. ಆ ಹೊತ್ತಿಗೆ ಒಟಾಗೋ ಪೂರ್ತಿ ಚಿನ್ನದ ಗುಂಗಲ್ಲಿತ್ತು, ಹಿಂದಿನ ವರ್ಷ 1861ರಲ್ಲಿ ಗೇಬ್ರಿಯಲ್ ರೀಡ್ ಟುವಾಪೆಕಾ ಹತ್ತಿರದ ಕಣಿವೆಯಲ್ಲಿ ಚಿನ್ನ ತೋರಿಸಿದ್ದ, 1862ರ ಆಗಸ್ಟ್‌ನಲ್ಲಿ ಹಾರ್ಟ್ಲಿ ಮತ್ತು ರೈಲಿ ಅನ್ನೋ ಇಬ್ಬರು 87 ಪೌಂಡು ಚಿನ್ನ ತಂದು ಒಟಾಗೋದ ಮುಖ್ಯ ಪಟ್ಟಣ ಡನೀಡಿನ್‌ನಲ್ಲಿ ಇಳಿಸಿದ್ದರು. ಇಷ್ಟಾದ ಮೇಲೆ ಯಾರು ಸುಮ್ಮನಿರ್ತಾರೆ, ಎಲ್ಲಾ ನದಿಯಲ್ಲೂ ಜನ ಹುಡುಕೋಕೆ ಇಳಿದ್ರು. ಫಾಕ್ಸ್ ಮತ್ತವನ ಜೊತೆಗಾರರು ಆರೋ ಕಣಿವೆಗೆ ಬಂದು ವಾರಗಟ್ಟಲೆ ಯಾರಿಗೂ ಬಾಯಿಬಿಡದೆ ಚಿನ್ನ ತೆಗೆದರು, ಇವರೆಲ್ಲಿಗೆ ಹೋಗ್ತಾರೆ ಅಂತ ಉಳಿದವರು ಬೆನ್ನು ಹತ್ತಿದರು, ಕೊನೆಗೆ ಗುಟ್ಟು ರಟ್ಟಾಯ್ತು, ನೋಡನೋಡ್ತಿದ್ದ ಹಾಗೆ ನದಿ ಉದ್ದಕ್ಕೂ ಟೆಂಟುಗಳು ಎದ್ದವು. 1863ರ ಜನವರಿಯಲ್ಲಿ ಕಾವಲಿನ ಜೊತೆ ಹೊರಟ ಮೊದಲ ಸಾಗಣೆಯಲ್ಲೇ 12,000 ಔನ್ಸ್ ಚಿನ್ನ ಹೋಯ್ತು. ಊರಿಗೆ 'ಫಾಕ್ಸಸ್' ಅಂತ ಹೆಸರಾಯ್ತು, ಆಮೇಲೆ ನದಿ ಹೆಸರಿಂದ ಆರೋಟೌನ್.

ಮಾವೋರಿಗಳು ಈ ನದಿಗೆ ಹಾಏಹಾಏನೂಯಿ ಅಂತಾರೆ. ಈ ಸೀಮೆಯ ಕಣಿವೆ ದಾರಿಗಳೆಲ್ಲ ಅವರಿಗೆ ಗೊತ್ತಿದ್ದವು, ಪೌನಾಮು ಅನ್ನೋ ಹಸಿರು ಕಲ್ಲು ಹುಡುಕ್ಕೊಂಡು ಬೆಟ್ಟ ದಾಟಿ ಓಡಾಡ್ತಾ ಇದ್ದರು, ಆಯುಧಕ್ಕೂ ಒಡವೆಗೂ ಅವರಿಗೆ ಬೇಕಾಗಿದ್ದಿದ್ದು ಅದೇ ಕಲ್ಲು, ಹಳದಿ ಲೋಹ ಅಲ್ಲ.

ನಿಮ್ಮ ಪ್ರಶ್ನೆ ಬಂದಿದ್ದಕ್ಕೆ ನನಗೆ ತುಂಬಾ ಖುಷಿ ಆಯ್ತು, ಯಾಕಂದ್ರೆ ಇದು ಒಬ್ಬ ಟೇವಾ ಕತೆ ಅಲ್ಲ. ಗೇಬ್ರಿಯಲ್ ರೀಡ್ ಅಂದೆನಲ್ಲ, ಅವನಿಗೂ ಮೊದಲೇ ಅದೇ ಟುವಾಪೆಕಾ ಸೀಮೆಯಲ್ಲಿ ಚಿನ್ನ ಕಂಡಿದ್ದವನು ಎಡ್ವರ್ಡ್ ಪೀಟರ್ಸ್, ನಮ್ಮ ಬಾಂಬೆ ಕಡೆಯಿಂದ ಹೋದವನು, ಅಲ್ಲಿನ ಬಿಳಿಯರು ಅವನ ಮೈಬಣ್ಣ ನೋಡಿ 'ಬ್ಲ್ಯಾಕ್ ಪೀಟರ್' ಅಂತ ಕರೀತಿದ್ದರು. ಅವನು ಹೇಳಿದ ಜಾಡು ಹಿಡ್ಕೊಂಡೇ ರೀಡ್ ಹೋಗಿದ್ದು. ಸರ್ಕಾರದ ಬಹುಮಾನ 1,000 ಪೌಂಡ್ ರೀಡ್‌ಗೆ ಸಿಕ್ತು. ಪೀಟರ್ಸ್ ಹೆಸರಲ್ಲಿ ಗ್ಲೆನೋರ್ ಅನ್ನೋ ಕಡೆ ಒಂದು ಸ್ಮಾರಕ ಬಂದಿದ್ದು 2009ರಲ್ಲಿ, ನೂರೈವತ್ತು ವರ್ಷ ಆದ ಮೇಲೆ. ಅದನ್ನ ಉದ್ಘಾಟಿಸಿದ್ದು ಆಗಿನ ಗವರ್ನರ್ ಜನರಲ್ ಆನಂದ್ ಸತ್ಯಾನಂದ್, ಅವರೂ ಭಾರತೀಯ ಮೂಲದವರೇ. ತಡ ಆದ್ರೂ ಆಯ್ತಲ್ಲ ಅಂತ ಸಮಾಧಾನ ಪಡಬಹುದು, ಆದ್ರೆ ಪಠ್ಯಪುಸ್ತಕದಲ್ಲಿ ಮೊದಲು ಬರೋ ಹೆಸರು ಯಾರದು ಅನ್ನೋದು ಸಣ್ಣ ವಿಷಯ ಅಲ್ಲ ಅಂತ ನಾನು ನಂಬಿದ್ದೀನಿ.

ಪ್ರಶ್ನೆ: ಚಿನ್ನ ಅಂದ್ರೆ ಭೂಮಿ ಒಳಗೆ ಗಣಿಯಲ್ಲಿ ಸಿಗೋದು ಅಂತ ಓದಿದ್ದೀವಿ. ನದಿ ಮರಳಲ್ಲಿ ಹೇಗೆ ಬಂತು ಮೇಡಂ? ನದಿ ಚಿನ್ನ ಮುಗಿದ ಮೇಲೆ ಏನು ಮಾಡಿದ್ರು? (ಶಿರಸಿಯ ಪಿಯುಸಿ ವಿದ್ಯಾರ್ಥಿನಿ)

ಉತ್ತರ: ಪುಟ್ಟಿ, ಎರಡೂ ಒಂದೇ ಚಿನ್ನ. ಒಟಾಗೋದ ಬೆಟ್ಟಗಳು ಶಿಸ್ಟ್ ಅನ್ನೋ ಪದರುಪದರಾದ ಕಲ್ಲಿಂದ ಆಗಿರೋವು, ಆ ಕಲ್ಲಿನ ಬಿರುಕುಗಳಲ್ಲಿ ಬೆಣಚುಕಲ್ಲಿನ ಎಳೆಗಳಿವೆ, ಚಿನ್ನ ಇರೋದು ಆ ಎಳೆಗಳಲ್ಲಿ. ಲಕ್ಷಾಂತರ ವರ್ಷ ಹಿಮನದಿಗಳು ಬೆಟ್ಟನ ಅರೆದವು, ಮಳೆ ತೊಳೀತು, ನದಿ ಎಲ್ಲಾನೂ ಕೆಳಗೆ ಎಳ್ಕೊಂಡು ಬಂತು. ಈಗ ಫಿಸಿಕ್ಸ್ ನೆನಪು ಮಾಡ್ಕೋ: ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚು ಮರಳು ಎರಡೂವರೆ ಪಟ್ಟಿಗಿಂತ ಚೂರು ಜಾಸ್ತಿ ಅಷ್ಟೆ. ಹಾಗಾಗಿ ಹರಿವು ಎಲ್ಲೆಲ್ಲಿ ನಿಧಾನ ಆಗುತ್ತೋ, ತಿರುವಿನ ಒಳಮಗ್ಗುಲಲ್ಲಿ, ಗುಂಡುಕಲ್ಲಿನ ಹಿಂದೆ, ತಳದ ಬಂಡೆ ಸೀಳುಗಳಲ್ಲಿ, ಅಲ್ಲೆಲ್ಲ ಚಿನ್ನ ಮೊದಲು ಕೂತುಬಿಡುತ್ತೆ, ಮರಳು ಮುಂದೆ ಹೋಗುತ್ತೆ. ಪ್ಯಾನ್ ಮಾಡೋದು ಅಂದ್ರೆ ಅಜ್ಜಿ ಅಕ್ಕಿ ಜಾಲಿಸ್ತಾರಲ್ಲ ಅದೇ ಕೆಲಸ, ಆದ್ರೆ ಇಲ್ಲಿ ಮೇಲಿಂದ ಹೋಗೋದನ್ನ ಚೆಲ್ಲಿ ತಳದಲ್ಲಿ ಉಳಿಯೋ ಕಲ್ಲನ್ನೇ ಇಟ್ಕೋತೀವಿ.

ಕೈಗೆ ಸುಲಭಕ್ಕೆ ಸಿಗೋ ಚಿನ್ನ ಬೇಗ ಮುಗೀತು. ಆಮೇಲೆ ಮರದ ದೋಣಿ ತರಹದ ತೊಟ್ಟಿ ಮಾಡಿ ಅದರಲ್ಲಿ ನೀರು ಹರಿಸಿ ಜಲ್ಲಿ ತೊಳೆದರು, ಬೆಟ್ಟದ ಮೈಯಲ್ಲಿ ಮೈಲಿಗಟ್ಟಲೆ ಕಾಲುವೆ ತೋಡಿ ಪೈಪಲ್ಲಿ ನೀರು ಜೋರಾಗಿ ಚಿಮ್ಮಿಸಿ ದಂಡೆಗಳನ್ನೇ ಕರಗಿಸಿದರು. ಆಮೇಲೆ ಡ್ರೆಡ್ಜ್ ಬಂತು, ತೇಲೋ ಯಂತ್ರ, ಬಕೆಟ್ ಸರಪಳಿಯಿಂದ ನದಿ ತಳ ಬಾಚೋದು. ಇಲ್ಲಿ ಒಂದು ಹೆಸರು ಬರ್ಕೊ: ಚೋಯಿ ಸ್ಯೂ ಹೋಯ್, ಡನೀಡಿನ್‌ನ ಚೀನೀ ವ್ಯಾಪಾರಿ, 1889ರಲ್ಲಿ ಪಕ್ಕದ ಶಾಟೋವರ್ ನದಿಯಲ್ಲಿ ಹಬೆಯಲ್ಲಿ ಓಡೋ ಬಕೆಟ್ ಡ್ರೆಡ್ಜ್ ಇಳಿಸಿ ಲಾಭ ತೆಗೆದು ತೋರಿಸಿದವರು, ಅದನ್ನ ನೋಡಿ ಒಟಾಗೋ ತುಂಬಾ ಡ್ರೆಡ್ಜ್ ಕಂಪನಿಗಳು ಎದ್ದವು. ಬೆಣಚು ಎಳೆಯನ್ನೇ ಹುಡುಕಿ ಹೋದವರು ನದಿ ಮೇಲ್ಗಡೆ ಮೇಸ್‌ಟೌನ್ ಅನ್ನೋ ಊರು ಕಟ್ಟಿದರು, ಸುಮಾರು 15 ಕಿಲೋಮೀಟರ್ ದೂರ, ಆ ದಾರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ನದಿ ದಾಟ್ಬೇಕು. ಅಲ್ಲಿ ಕಲ್ಲು ಕುಟ್ಟಿ ಪುಡಿ ಮಾಡಿ ಚಿನ್ನ ತೆಗೀತಿದ್ರು, ಈಗ ಆ ಊರಲ್ಲಿ ಜನ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. 1863ರ ಚಳಿಗಾಲದಲ್ಲಿ ಪ್ರವಾಹ ಬಂದು ಆರೋ, ಶಾಟೋವರ್ ದಂಡೆಯಲ್ಲಿ ಮಲಗಿದ್ದ ಎಷ್ಟೋ ಜನ ಕೊಚ್ಚಿಹೋದ್ರು, ಅದರ ಹಿಂದೆಯೇ ಹಿಮ ಬಿದ್ದು ಇನ್ನಷ್ಟು ಜನ ಸತ್ತರು. ಚಿನ್ನ ತಂದುಕೊಟ್ಟ ನೀರೇ ಜೀವನೂ ತೆಗೀತು, ಆದ್ರೆ ಟೆಂಟ್ ಹಾಕೋಕೆ ಸಮತಟ್ಟು ಜಾಗ ಅಂತ ಇದ್ದಿದ್ದು ನೀರಿನ ಅಂಚಲ್ಲಿ ಮಾತ್ರ.

ಪ್ರಶ್ನೆ: ನಮಸ್ಕಾರ. ಹೋದ ಸಂಚಿಕೆಯ ಫೋಟೋದಲ್ಲಿ ನದಿ ಪಕ್ಕ ಕಲ್ಲಿನ ಚಿಕ್ಕಚಿಕ್ಕ ಗೂಡಿನಂಥ ಮನೆಗಳು ಕಾಣಿಸ್ತವೆ, ಕೆಳಗೆ 'ಚೀನೀಯರ ವಸತಿ' ಅಂತ ಬರೆದಿದೆ. ಊರೊಳಗೆ ಇಷ್ಟು ಚೆಂದದ ಮನೆಗಳಿರುವಾಗ ಇವರು ಯಾಕೆ ಹಾಗೆ ಅಂಚಿನಲ್ಲಿ ಇದ್ದದ್ದು? (ಮಂಗಳೂರಿನ ಓದುಗರು)

ಉತ್ತರ: ಇದಕ್ಕೆ ಉದ್ದಕ್ಕೆ ಉತ್ತರ ಕೊಡ್ತೀನಿ, ಆರೋಟೌನ್ ಬಗ್ಗೆ ನನಗೆ ಹೇಳೋಕೆ ಇರೋದೇ ಹೆಚ್ಚಾಗಿ ಇದು.

1864-65ಕ್ಕೆ ಪಶ್ಚಿಮ ಕರಾವಳಿಯಲ್ಲಿ ಹೊಸ ಚಿನ್ನ ಸಿಕ್ತು ಅಂತ ಸುದ್ದಿ ಬಂತು, ಒಟಾಗೋದ ಬಿಳಿ ಗಣಿಗಾರರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರು. ಊರುಗಳು ಖಾಲಿ, ಅಂಗಡಿ ವ್ಯಾಪಾರ ಬಿದ್ದುಹೋಯ್ತು. ಆಗ ಡನೀಡಿನ್‌ನ ವ್ಯಾಪಾರಿಗಳ ಸಂಘ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿದ್ದ ಚೀನೀ ಗಣಿಗಾರರನ್ನ ಬನ್ನಿ ಅಂತ ಕರೆಸಿಕೊಳ್ತು. ಗಮನಿಸಿ, ಅವರಾಗೇ ನುಗ್ಗಿ ಬಂದಿದ್ದಲ್ಲ, ಕರೆದಿದ್ದಕ್ಕೆ ಬಂದವರು. ಆಮೇಲೆ ನೇರವಾಗಿ ಚೀನಾದ ಗ್ವಾಂಗ್‌ಡಾಂಗ್ ಕಡೆಯಿಂದಲೂ ಬಂದ್ರು. ಬಿಳಿಯರು ಇನ್ನೇನಿಲ್ಲ ಅಂತ ಬಿಟ್ಟುಹೋದ ಜಲ್ಲಿ ರಾಶಿಗಳನ್ನೇ ಮತ್ತೆ ತೊಳೆದು, ತಾಳ್ಮೆಯಿಂದ, ಕಣಕಣ ಒಟ್ಟು ಮಾಡಿದರು. ಊರು ಉಸಿರಾಡಿದ್ದು ಅವರಿಂದ ಅಂದ್ರೆ ಉತ್ಪ್ರೇಕ್ಷೆ ಅಲ್ಲ.

ಇರೋಕೆ ಸಿಕ್ಕಿದ್ದು ಮಾತ್ರ ಊರಿನ ಅಂಚು, ಬುಷ್ ಕ್ರೀಕ್ ಅನ್ನೋ ಹಳ್ಳದ ಪಕ್ಕ. ಕಲ್ಲು, ಮಣ್ಣಿನ ಇಟ್ಟಿಗೆ, ತಗಡು, ಕ್ಯಾನ್ವಾಸ್, ಏನು ಸಿಕ್ತೋ ಅದರಲ್ಲೇ ಕಟ್ಟಿಕೊಂಡರು, ಕೆಲವು ಮನೆಗಳಿಗೆ ಹಿಂದಿನ ಬಂಡೆಯೇ ಗೋಡೆ. ತರಕಾರಿ ಬೆಳೆದರು. 1881ರ ಜನಗಣತಿಯಲ್ಲಿ ಇಡೀ ನ್ಯೂಜಿಲೆಂಡಿನಲ್ಲಿ 5,004 ಚೀನೀಯರಿದ್ದರು, ಅದರಲ್ಲಿ ಹೆಂಗಸರು ಬರೀ 9 ಜನ. ಓದಿದ ತಕ್ಷಣ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಊರಲ್ಲಿ ಹೆಂಡತಿ ಮಕ್ಕಳನ್ನ ಬಿಟ್ಟು ಬಂದು, ದುಡ್ಡು ಕಳಿಸ್ತಾ, ನಾಲ್ಕು ಕಾಸು ಕೂಡಿದ್ಮೇಲೆ ವಾಪಸ್ ಹೋಗ್ತೀನಿ ಅಂತ ದಶಕಗಟ್ಟಲೆ ಕಾದ ಗಂಡಸರ ಬೀದಿ ಅದು. ಎಷ್ಟೋ ಜನ ವಾಪಸ್ ಹೋಗಲೇ ಇಲ್ಲ.

ಅದೇ 1881ರಲ್ಲಿ ಕಾನೂನು ಬಂತು: ಹೊಸದಾಗಿ ಬರೋ ಪ್ರತಿ ಚೀನೀಯ 10 ಪೌಂಡ್ ತಲೆಗಂದಾಯ ಕಟ್ಟಬೇಕು, ಹಡಗಿನ 10 ಟನ್‌ಗೆ ಒಬ್ಬರೇ ಬರಬೇಕು. 1896ರಲ್ಲಿ ಅದು 100 ಪೌಂಡ್ ಆಯ್ತು, 200 ಟನ್‌ಗೆ ಒಬ್ಬ. ಬೇರೆ ಯಾವ ದೇಶದವರಿಗೂ ಈ ತೆರಿಗೆ ಇರಲಿಲ್ಲ. 1898ರಲ್ಲಿ ವೃದ್ಧಾಪ್ಯ ಪಿಂಚಣಿ ತಂದರು, ಅದರಿಂದಲೂ ಚೀನೀಯರನ್ನ ಹೊರಗಿಟ್ಟರು, ಅಷ್ಟೊತ್ತಿಗೆ ಆ ಗುಡಿಸಲುಗಳಲ್ಲಿ ಉಳಿದವರಲ್ಲಿ ಎಷ್ಟೋ ಮಂದಿ ಮುದುಕರಾಗಿದ್ದರು. ತಲೆಗಂದಾಯದ ಕಾನೂನು ಪೂರ್ತಿ ಹೋಗಿದ್ದು 1944ರಲ್ಲಿ. 2002ರ ಫೆಬ್ರುವರಿಯಲ್ಲಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು.

ಆ ಬೀದಿಯಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಂತಿರೋ ಕಟ್ಟಡ 'ಆ ಲಮ್' (Ah Lum) ಅನ್ನೋ ಚೀನೀ ವ್ಯಾಪಾರಿಯ ಅಂಗಡಿ. 1880ರ ದಶಕದ ಕಟ್ಟಡ, ಆ ಲಮ್ ಅದನ್ನ 1920ರ ದಶಕದವರೆಗೂ ನಡೆಸಿದರು. ಬರೀ ಅಕ್ಕಿ ಬೇಳೆ ಅಂಗಡಿ ಅಲ್ಲ, ಚಿನ್ನ ಕೊಳ್ಳೋ ಜಾಗ, ದುಡ್ಡು ಇಡೋ ಜಾಗ, ಇಂಗ್ಲಿಷ್ ಬಾರದವರಿಗೆ ಕಾಗದ ಬರೆಸೋ ಜಾಗ, ಸಂಜೆ ನಾಲ್ಕು ಜನ ಸೇರಿ ತಮ್ಮ ಭಾಷೆ ಮಾತಾಡೋ ಜಾಗ. ಆಮೇಲೆ ಬೀದಿ ಪಾಳು ಬಿತ್ತು, ಪೊದೆ ಬೆಳೀತು. 1983ರಲ್ಲಿ ಪುರಾತತ್ವದವರು ಅಗೆದು ನೋಡಿದ ಮೇಲೆ ಗುಡಿಸಲುಗಳನ್ನ ಮತ್ತೆ ಎತ್ತಿ ನಿಲ್ಲಿಸಿದರು. ಈಗ ಯಾರು ಬೇಕಾದ್ರೂ ಟಿಕೆಟ್ ಇಲ್ಲದೆ ನಡ್ಕೊಂಡು ಹೋಗಿ ನೋಡಬಹುದು, ಒಳಗೆ ಬಗ್ಗಿ ನಿಂತು ನೋಡಬಹುದು, ಒಬ್ಬ ಮನುಷ್ಯ ಕಾಲು ಚಾಚೋಕೆ ಎಷ್ಟು ಜಾಗ ಇತ್ತು ಅಂತ.

ಇನ್ನೂ ಒಂದು ಘಟನೆ, ಇದು ಆರೋಟೌನ್‌ನಿಂದ ದೂರ ನಡೆದಿದ್ದು, ಆದ್ರೆ ಇದೇ ಜನರದ್ದು. ಸತ್ತ ಮೇಲೆ ಮೂಳೆ ಹುಟ್ಟೂರು ಸೇರಬೇಕು ಅನ್ನೋದು ಅವರ ಆಸೆ. 1902ರಲ್ಲಿ ಚೀನೀ ಸಂಘವೊಂದು ದೇಶದ ಬೇರೆಬೇರೆ ಸ್ಮಶಾನಗಳಿಂದ 499 ಜನರ ಅವಶೇಷ ತೆಗೆಸಿ ವೆಂಟ್ನರ್ ಅನ್ನೋ ಹಡಗಲ್ಲಿ ಕಳಿಸ್ತು, ಹೆಚ್ಚಿನವರು ಗಣಿಗಾರರು. ಆಗಲೇ ಹೇಳಿದೆನಲ್ಲ, ಡ್ರೆಡ್ಜ್ ತಂದ ಚೋಯಿ ಸ್ಯೂ ಹೋಯ್, ಅವರ ದೇಹವೂ ಅದರಲ್ಲೇ ಇತ್ತು. ಹಡಗು ಉತ್ತರದ ಹೊಕಿಯಾಂಗಾ ಹತ್ತಿರ ಮುಳುಗಿತು. ತೇಲಿ ದಡಕ್ಕೆ ಬಂದ ಮೂಳೆಗಳನ್ನ ಅಲ್ಲಿನ ಮಾವೋರಿ ಕುಲದವರು, ತೇ ರೊರೋವಾ ಮತ್ತು ತೇ ರರಾವಾ ಜನ, ಎತ್ತಿ ತಮ್ಮವರ ಜೊತೆಯಲ್ಲೇ ಮಣ್ಣು ಮಾಡಿದರು. ಯಾರೂ ಹೇಳಿರಲಿಲ್ಲ, ಯಾರೂ ದುಡ್ಡು ಕೊಟ್ಟಿರಲಿಲ್ಲ. ನೂರು ವರ್ಷ ಕಳೆದ ಮೇಲೆ ಚೀನೀ ವಂಶಸ್ಥರಿಗೆ ಈ ವಿಷಯ ಗೊತ್ತಾಗಿ, ಹೋಗಿ ಆ ಕುಲದವರಿಗೆ ಕೈಮುಗಿದು ಬಂದರು.

ಪ್ರಶ್ನೆ: ಮೇಡಂ ನಾನು ಕೆಜಿಎಫ್‌ನವನು, ನಮ್ಮ ಅಪ್ಪ ತಾತ ಇಬ್ಬರೂ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಆ ಊರಿನ ಫೋಟೋ ನೋಡಿ ಹೊಟ್ಟೆ ಉರೀತು. ಅಲ್ಲೂ ಚಿನ್ನ ಮುಗೀತು, ಇಲ್ಲೂ ಮುಗೀತು. ಅಲ್ಲಿಗೆ ಟೂರಿಸ್ಟ್ ಬರ್ತಾರೆ, ನಮ್ಮೂರಲ್ಲಿ ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತೀವಿ. ಯಾಕೆ ಹೀಗೆ?

ಉತ್ತರ: ತಮ್ಮಾ, ನಿಮ್ಮ ಊರಿಗೂ ನ್ಯೂಜಿಲೆಂಡಿಗೂ ನಿಜವಾಗಲೂ ಒಂದು ನಂಟಿದೆ, ಮೊದಲು ಅದು ಹೇಳ್ತೀನಿ. ಬೆಂಗಳೂರಿನ ಲ್ಯಾವೆಲ್ ರೋಡ್ ಗೊತ್ತಲ್ಲ, ಆ ಮೈಕಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಐರಿಶ್ ಸೈನಿಕ, ನ್ಯೂಜಿಲೆಂಡಿನಲ್ಲಿ ಮಾವೋರಿಗಳ ವಿರುದ್ಧ ನಡೆದ ಯುದ್ಧದಲ್ಲಿದ್ದು ಆಮೇಲೆ ಬೆಂಗಳೂರು ಕಂಟೋನ್ಮೆಂಟಿಗೆ ಬಂದವನು. ಆ ದೇಶ ಚಿನ್ನದ ಹುಚ್ಚಲ್ಲಿದ್ದ ಕಾಲಕ್ಕೆ ಅಲ್ಲಿದ್ದವನು, ಆ ಗೀಳು ಜೊತೇಲೇ ಬಂತು. 1871ರಲ್ಲಿ ಎತ್ತಿನಗಾಡಿ ಹತ್ತಿ ಕೋಲಾರದ ಕಡೆ ಹೊರಟ, 1873ರಲ್ಲಿ ಗಣಿ ಪರವಾನಗಿಗೆ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ, ಆಮೇಲೆ ಅದು ಸಿಕ್ತು. ಅವನ ಕೈಲಿ ದುಡ್ಡು ಸಾಲದೆ ಕೈಬದಲಾಗಿ, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ನಿಮ್ಮೂರು ಬೆಳೆದಿದ್ದು.

ಲ್ಯಾವೆಲ್ ಓದಿದ್ದು ಯಾರ ವರದಿ ಗೊತ್ತಾ, ಲೆಫ್ಟಿನೆಂಟ್ ಜಾನ್ ವಾರನ್‌ದು. 1802ರಲ್ಲಿ ಸರ್ವೆಗೆ ಬಂದ ವಾರನ್‌ಗೆ ಮಾರಿಕುಪ್ಪಂ, ಊರ್ಗಾಂ ಕಡೆ ಹಳ್ಳಿಯವರು ಮಣ್ಣು ತಂದು ಕಣ್ಣೆದುರೇ ತೊಳೆದು ಚಿನ್ನ ತೋರಿಸಿದರು. ಅವರ ಹೆಸರು ವರದಿಗಳಲ್ಲಿ ಮುಂದಕ್ಕೆ ಬರಲಿಲ್ಲ. ರೋಡಿಗೆ ಹೆಸರಾಗಿದ್ದು ಲ್ಯಾವೆಲ್. ಅಲ್ಲಿ ಟೇವಾ, ಪೀಟರ್ಸ್, ಇಲ್ಲಿ ಮಾರಿಕುಪ್ಪದ ಹಳ್ಳಿಯವರು. ಅದಕ್ಕೇ ನಾನು ಮೊದಲನೇ ಉತ್ತರದಲ್ಲಿ ಅಷ್ಟು ಒತ್ತಿ ಹೇಳಿದ್ದು.

ಈಗ ನಿಮ್ಮ 'ಯಾಕೆ'ಗೆ ಬರ್ತೀನಿ. ಎರಡೂ ಊರನ್ನ ಒಂದೇ ತಕ್ಕಡಿಯಲ್ಲಿ ಇಡೋಕಾಗಲ್ಲ. ಆರೋದಲ್ಲಿ ಚಿನ್ನ ಮರಳಲ್ಲಿ, ಒಬ್ಬ ಮನುಷ್ಯ ಒಂದು ಪ್ಯಾನು ಒಂದು ಸಲಿಕೆ ಇದ್ರೆ ಆಯ್ತು. ನಿಮ್ಮಲ್ಲಿ ಚಿನ್ನ ಗಟ್ಟಿ ಬಂಡೆಯಲ್ಲಿ, ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಹೋಯ್ತು, ರಾಕ್ ಬರ್ಸ್ಟ್ ಅಂದ್ರೆ ಒತ್ತಡಕ್ಕೆ ಬಂಡೆ ಸಿಡಿಯೋದು, ಶ್ವಾಸಕೋಶಕ್ಕೆ ಕಲ್ಲುದೂಳು, ಅದೆಲ್ಲ ನಿಮ್ಮ ಮನೆಯಲ್ಲೇ ಕೇಳಿ ಬೆಳೆದಿರ್ತೀರಿ, ನಾನು ಹೇಳ್ಬೇಕಾಗಿಲ್ಲ. ಆರೋಟೌನ್ ಚಿನ್ನ ಕೈಬಿಟ್ಟಿದ್ದು ನೂರು ವರ್ಷಕ್ಕೂ ಹಿಂದೆ, ನಿಧಾನವಾಗಿ. ನಡುವೆ ದಶಕಗಳ ಕಾಲ ಕೆಲವು ನೂರು ಜನರ ಸಪ್ಪೆ ಊರಾಗಿತ್ತು, ದುಡ್ಡಿಲ್ಲದ್ದಕ್ಕೇ ಹಳೇ ಕಟ್ಟಡ ಯಾರೂ ಕೆಡವಲಿಲ್ಲ, ಆಮೇಲೆ ಕ್ವೀನ್ಸ್‌ಟೌನ್ ಪ್ರವಾಸದ ಊರಾಗಿ ಬೆಳೆದಾಗ ಪಕ್ಕದಲ್ಲಿದ್ದ ಇದಕ್ಕೂ ಅದೃಷ್ಟ ಖುಲಾಯಿಸ್ತು. ಕೆಜಿಎಫ್ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಸಾವಿರಾರು ಮನೆಗಳ ಒಲೆ ಒಂದೇ ದಿನ ಪ್ರಶ್ನೆಯಾಯ್ತು. ಕುಡಿಯೋ ನೀರು, ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ಸೈನೈಡ್ ದಿಬ್ಬದ ದೂಳು, ಬಾಕಿ ದುಡ್ಡು, ಕ್ವಾರ್ಟರ್ಸ್ ಯಾರ ಹೆಸರಿಗೆ ಅನ್ನೋ ಜಗಳ, ಇಷ್ಟು ಇರೋ ಊರಿಗೆ ಹೋಗಿ 'ಟೂರಿಸಂ ಮಾಡಿ' ಅನ್ನೋದು ನನ್ನ ಬಾಯಲ್ಲಿ ಬರಲ್ಲ. ಟೂರಿಸಂನಿಂದ ಆರೋಟೌನ್‌ಗೂ ಎಲ್ಲಾ ಒಳ್ಳೇದೇ ಆಗಿಲ್ಲ, ಮನೆ ಬೆಲೆ ಏರಿ ಅಲ್ಲಿ ಅಂಗಡಿ ಹೋಟೆಲಲ್ಲಿ ದುಡಿಯೋ ಹುಡುಗರಿಗೆ ಬಾಡಿಗೆಗೆ ರೂಮು ಸಿಗೋದೂ ಕಷ್ಟ.

ಆದ್ರೂ ಒಂದು ಕೆಲಸ ಆಗಲೇಬೇಕು. ಕೆಜಿಎಫ್ ಅಂದ್ರೆ ಜನ ತೋರಿಸೋದು ಕ್ಲಬ್, ಬಂಗಲೆ, ಗಾಲ್ಫ್ ಮೈದಾನ, 'ಲಿಟಲ್ ಇಂಗ್ಲೆಂಡ್'. ಆರೋಟೌನ್‌ನವರು ಬ್ಯಾಂಕ್ ಕಟ್ಟಡ ಉಳಿಸಿಕೊಂಡ ಹಾಗೇ ಆ ಲಮ್ ಅಂಗಡಿನೂ ಉಳಿಸಿಕೊಂಡರು. ನಿಮ್ಮಲ್ಲಿ ಅದಕ್ಕೆ ಸಮ ಅಂದ್ರೆ ಲೈನ್ ಮನೆಗಳು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ, ಬಹುಪಾಲು ದಲಿತ ಕುಟುಂಬಗಳು ತಲೆಮಾರುಗಟ್ಟಲೆ ಬದುಕಿದ ಆ ಸಾಲುಮನೆಗಳಲ್ಲಿ ಒಂದು ಲೈನನ್ನಾದ್ರೂ ಹಾಗೇ ಉಳಿಸಿ, ಅದರಲ್ಲಿ ಕೆಲಸ ಮಾಡಿದವರ ದೀಪ, ಹೆಲ್ಮೆಟ್, ಹಾಜರಿ ಚೀಟಿ, ಯೂನಿಯನ್ ಕರಪತ್ರ ಇಟ್ಟು, ಹೆಸರುಗಳನ್ನ ಗೋಡೆಗೆ ಬರೆಸಬೇಕು. ಗಣಿಯಲ್ಲಿ ಸತ್ತವರ ಹೆಸರೂ. ಅದಕ್ಕೆ ಸರ್ಕಾರ ಬರೋವರೆಗೂ ಕಾಯ್ಬೇಡಿ, ನಿಮ್ಮ ತಂದೆ ಇದ್ದಾರೆ ಅಂದ್ರೆ ಈ ಭಾನುವಾರವೇ ಫೋನ್ ರೆಕಾರ್ಡರ್ ಆನ್ ಮಾಡಿ ಎದುರಿಗೆ ಇಟ್ಟು ಕೂತ್ಕೊಳಿ. ಯಾವ ಶಾಫ್ಟು, ಯಾವ ಶಿಫ್ಟು, ಜೊತೆಗೆ ಯಾರ್ಯಾರಿದ್ದರು, ಕೂಲಿ ಎಷ್ಟು, ತಮಿಳಲ್ಲಿ ಹೇಳಿದ್ರೆ ತಮಿಳಲ್ಲೇ ಇರಲಿ.

ಪ್ರಶ್ನೆ: ಮೇಡಂ ರೀ, ನಮ್ಮ ಗದಗ ಕಡೆ ಕಪ್ಪತಗುಡ್ಡದಾಗ ಹಳ್ಳದಾಗ ಬಂಗಾರ ಸಿಗತಿತ್ತು ಅಂತ ಹಿರ್ಯಾರು ಹೇಳತಾರ. ಖರೇ ಏನ್ರಿ? ನಾವೂ ಹೋಗಿ ಜಾಲಾಡಬಹುದೇನ್ರಿ? (ಗದಗ ಓದುಗರು)

ಉತ್ತರ: ಖರೇನೇ ರೀ. ಸೊರಟೂರು, ಡೋಣಿ ಆಸುಪಾಸಿನ ಹಳ್ಳಗಳಲ್ಲಿ ಮಳೆಗಾಲ ಆದ್ಮೇಲೆ ಜಾಲಗಾರರು ಮರದ ಮರಿಗೆಯಲ್ಲಿ ಮರಳು ತೊಳೆದು ಚಿನ್ನ ತೆಗೀತಿದ್ದರು, ಬ್ರಿಟಿಷರ ಕಾಲದ ಧಾರವಾಡ ಗೆಜೆಟಿಯರ್‌ನಲ್ಲೇ ಈ ಕಸುಬಿನ ವಿಷಯ ಇದೆ. ಪ್ಯಾನ್ ಹಿಡಿದ ಒಟಾಗೋ ಗಣಿಗಾರ ಮಾಡ್ತಿದ್ದಿದ್ದೂ ಇದೇ ವಿದ್ಯೆ. ಆದ್ರೆ ಸಿಗೋದು ಬಹಳ ಕಮ್ಮಿ, ದಿನದ ಕೂಲಿ ಹುಟ್ಟಿದ್ರೆ ಹೆಚ್ಚು. ಈಗ ಹೋಗಿ ಜಾಲಾಡಬೇಡಿ ರೀ, ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅಗೆಯೋದು ತಪ್ಪು, ಅಪರಾಧ. ಆ ಗುಡ್ಡನ ಗಣಿ ಕಂಪನಿಗಳಿಂದ ಉಳಿಸೋಕೆ ನಿಮ್ಮ ಕಡೆ ಜನ ಎಷ್ಟು ಹೋರಾಡಿದ್ದಾರೆ ಅಂತ ನಿಮಗೇ ಗೊತ್ತು. ಅದರ ಬದಲು ನಿಮ್ಮ ಹಿರಿಯರಲ್ಲಿ ಜಾಲಗಾರರ ಮನೆತನ ಯಾರಿಗಾದ್ರೂ ಗೊತ್ತಿದ್ರೆ ಅವರ ಮಾತು ಬರೆದು ಕಳಿಸಿ, ನಾನು ಈ ಕಾಲಂನಲ್ಲಿ ಖಂಡಿತ ಹಾಕ್ತೀನಿ.

ಪ್ರಶ್ನೆ: ಮಗಳು ಡನೀಡಿನ್‌ನಲ್ಲಿ ಓದ್ತಿದ್ದಾಳೆ, ಏಪ್ರಿಲ್‌ನಲ್ಲಿ ನಾವಿಬ್ಬರೂ ಹೋಗ್ತಾ ಇದ್ದೀವಿ. ಆರೋಟೌನ್‌ಗೆ ಹೋಗೋದು ಸರೀನಾ, ಒಂದು ದಿನ ಸಾಕಾ? ನದಿಯಲ್ಲಿ ನಾವೇ ಚಿನ್ನ ಹುಡುಕಬಹುದು ಅಂತಾರೆ, ನಿಜಾನಾ? (ಮೈಸೂರಿನ ಓದುಗರು)

ಉತ್ತರ: ಅಕ್ಕ, ಏಪ್ರಿಲ್ ಅಂದ್ರೆ ಅಲ್ಲಿ ಎಲೆ ಉದುರೋ ಕಾಲ, ಆ ಊರು ಅತಿ ಚೆಂದ ಕಾಣೋ ತಿಂಗಳು, ಶರತ್ಕಾಲದ ಹಬ್ಬನೂ ಆಗಲೇ ನಡೆಯುತ್ತೆ. ಬಕಿಂಗ್‌ಹ್ಯಾಂ ಬೀದಿಯಲ್ಲಿ 1867ರಲ್ಲಿ ನೆಟ್ಟ ಮರಗಳ ಸಾಲಿನ ಕೆಳಗೆ ಗಣಿಗಾರರ ಕಾಲದ ಪುಟ್ಟ ಮನೆಗಳಿವೆ, ಬೆಟ್ಟಗಳೂ ಹಳದಿ ಕೆಂಪು ಆಗಿರ್ತವೆ. ಅಲ್ಲಿನವರ ಹತ್ತಿರ ಮಾತಾಡಿದ್ರೆ ಗೊತ್ತಾಗುತ್ತೆ, ಆ ಬಣ್ಣ ಕೊಡೋ ಮರಗಳು ಅಲ್ಲಿನವಲ್ಲ, ಯುರೋಪಿನಿಂದ ತಂದಿದ್ದು ತಾವಾಗೇ ಹಬ್ಬಿ ಬೆಟ್ಟ ತುಂಬಿಕೊಂಡಿವೆ, ಸ್ಥಳೀಯ ಗಿಡಗಳಿಗೆ ಜಾಗ ಬಿಡ್ತಿಲ್ಲ ಅಂತ ಕೆಲವು ಕಡೆ ಕಡಿದೂ ಹಾಕ್ತಿದ್ದಾರೆ.

ಚಿನ್ನ ಹುಡುಕಬಹುದು, ನಿಜ. ಆರೋ ನದಿಯಲ್ಲಿ ಒಂದು ಭಾಗನ ಸಾರ್ವಜನಿಕರಿಗೆ ಅಂತಲೇ ಬಿಟ್ಟಿದ್ದಾರೆ, ಪರವಾನಗಿ ಬೇಡ, ಪ್ಯಾನು, ಜರಡಿ, ಸಲಿಕೆ ಇಂಥ ಕೈ ಸಾಮಾನು ಮಾತ್ರ ಬಳಸಬೇಕು, ಮೋಟಾರು ಪಂಪು ಏನೂ ಇಡೋ ಹಾಗಿಲ್ಲ, ಸಿಕ್ಕಿದ್ದು ನಿಮ್ಮದೇ. ಪ್ಯಾನು ಊರಲ್ಲಿರೋ ಲೇಕ್ಸ್ ಡಿಸ್ಟ್ರಿಕ್ಟ್ ಮ್ಯೂಸಿಯಂನಲ್ಲಿ ಬಾಡಿಗೆಗೆ ಸಿಗುತ್ತೆ, ಆ ಮ್ಯೂಸಿಯಂ ಇರೋದೇ 1875ರ ಹಳೇ ಬ್ಯಾಂಕ್ ಕಟ್ಟಡದಲ್ಲಿ, ಮೊದಲು ಅದನ್ನ ನೋಡಿ ಆಮೇಲೆ ನದಿಗೆ ಇಳೀರಿ. ಏಪ್ರಿಲ್‌ನಲ್ಲಿ ನೀರು ಕೊರೆಯುತ್ತೆ, ಮಂಡಿವರೆಗಿನ ರಬ್ಬರ್ ಬೂಟು ಇದ್ರೆ ತಗೊಂಡು ಹೋಗಿ.

ಆದ್ರೆ ನನ್ನ ಮಾತು ಕೇಳಿ, ವಿಮಾನದಲ್ಲಿ ಹೋಗ್ಬೇಡಿ, ಡನೀಡಿನ್‌ನಿಂದ ಕಾರಲ್ಲೇ ಹೋಗಿ. ನಾಲ್ಕು ತಾಸಿನ ದಾರಿ, ಮಿಲ್ಟನ್ ದಾಟಿ ಎಂಟನೇ ನಂಬರ್ ಹೆದ್ದಾರಿಗೆ ತಿರುಗಿದ್ರೆ ಆ ದಾರಿ ಪೂರ್ತಿ ಚಿನ್ನದ ಕತೆಯೇ. ಮೊದಲು ಗ್ಲೆನೋರ್ ಬರುತ್ತೆ, ಎಡ್ವರ್ಡ್ ಪೀಟರ್ಸ್ ಸ್ಮಾರಕ ಇರೋದು ಅಲ್ಲೇ, ಹತ್ತು ನಿಮಿಷ ಇಳಿದು ನೋಡಿ. ಆಮೇಲೆ ಲಾರೆನ್ಸ್, ಗೇಬ್ರಿಯಲ್ ರೀಡ್‌ನ ಕಣಿವೆ ಇರೋ ಊರು, ಅಲ್ಲೂ ಚೀನೀಯರ ದೊಡ್ಡ ವಸತಿ ಇತ್ತು. ರಾಕ್ಸ್‌ಬರ್ಗ್, ಅಲೆಕ್ಸಾಂಡ್ರಾ, ಕ್ಲೈಡ್, ಕ್ರಾಮ್‌ವೆಲ್, ಎಲ್ಲಾ ಕ್ಲೂಥಾ ನದಿ ದಂಡೆ ಊರುಗಳೇ, ಕ್ರಾಮ್‌ವೆಲ್‌ನ ಹಳೇ ಪೇಟೆಯ ಒಂದು ಭಾಗ 1990ರ ದಶಕದಲ್ಲಿ ಕ್ಲೈಡ್ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದೆ. ಹೀಗೆ ಹೋದ್ರೆ ಒಂದು ದಿನ ಸಾಲದು, ಆರೋಟೌನ್‌ನಲ್ಲಿ ಒಂದು ರಾತ್ರಿ ಉಳೀರಿ, ಹಬ್ಬದ ವಾರ ಆದ್ರೆ ರೂಮು ಈಗಲೇ ಬುಕ್ ಮಾಡಿ. ಚೀನೀಯರ ಬೀದಿಗೆ ಬೆಳಗ್ಗೆ ಬೇಗ ಹೋಗಿ, ಟೂರ್ ಬಸ್ಸುಗಳು ಬರೋ ಮೊದಲು.